ಕೂಸಿಗಿ ಸೂಜಿ ಮಾಡೋವಾಗ ಅವ್ವ ಬಾಗಿಲ ಹೊರಗ ಯಾಕ್ರಿ?

ಕಲಬುರಗಿ, ಬೀದರ್, ಯಾದಗಿರಿ ಕಡಿ ಈಗ ತೂಕ ಕಡಿಮಿ ಇರೋ ಕೂಸು ಹುಟ್ಟಿತಂದ್ರ ಸರ್ಕಾರಿ ದವಾಖಾನ್ಯಾಗ ಸಿಸ್ಟರು ಹೇಳೋ ಮೊದಲಿನ ಮಾತುಗಳಾಗ ಒಂದು ಕಾಂಗರೂ ಕೇರ್. ಕೂಸಿನ ಅಂಗಿ ಬಿಚ್ರಿ, ಡೈಪರ್ ಟೋಪಿ ಅಷ್ಟೇ ಇರಲಿ, ಅವ್ವನ ಎದಿಗಿ ಬರೀ ಮೈಲೇ ಹಚ್ಚಿ ಮಲಗಸ್ರಿ, ಮ್ಯಾಲ ಒಂದು ಚಾದರ ಹೊಚ್ರಿ, ತೂಕ ಏರ್ತದ, ಮೈ ಬೆಚ್ಚಗ ಉಳಿತದ ಅಂತ. ಮನ್ಯಾಗಿನ ಹಿರಿಯರು ಮೊದಮೊದಲು ಮೂಗು ಮುರಿದ್ರೂ ಎಂಟು ದಿನದಾಗ ಕೂಸಿನ ತೂಕ ನೋಡಿ ಒಪ್ಪಿಕೊಳ್ತಾರ. ಇಷ್ಟರ ಮಟ್ಟಿಗಿ ಎಲ್ಲಾ ಬರೋಬರ್ ಅದ.

ಆದ್ರ ಅದೇ ಕೂಸಿನ ರಕ್ತ ತಗಿಬೇಕು, ಸಲೈನ್ ಹಚ್ಚಬೇಕು, ಶುಗರ್ ನೋಡಬೇಕು ಅಂದಾಗ ಏನಾಗ್ತದ ನೋಡ್ರಿ. ಬಹಳಷ್ಟು ವಾರ್ಡ್‌ನ್ಯಾಗ ಕೂಸಿಗಿ ಎದಿ ಮ್ಯಾಲಿಂದ ಎತ್ತಿ ಒಳಗ ಒಯ್ತಾರ, ಟೇಬಲ್ ಮ್ಯಾಲೋ, ಬೆಚ್ಚಗಿಡೋ ಮಷೀನ್ ವಾರ್ಮರ್ ಮ್ಯಾಲೋ ಅಂಗಾತ ಮಲಗಸ್ತಾರ, ಅವ್ವಗ "ನೀ ಜರಾ ಹೊರಗ ನಿಂದ್ರವ್ವಾ" ಅಂತಾರ, ಬಾಗಿಲಾ ಹಾಕ್ತಾರ, ಆಕಿ ಹೊರಗ ಗೋಡಿಗಿ ಆನಿಸಿಕೊಂಡು ಒಳಗಿನ ಚೀರಾಟ ಕೇಳ್ಕೋತ ನಿಂತಿರ್ತಾಳ. ಅಂದ್ರ ಆರಾಮ ಇದ್ದಾಗ ಎದಿ ಮ್ಯಾಲ, ನೋವಾಗೋ ಹೊತ್ತಿಗಿ ಟೇಬಲ್ ಮ್ಯಾಲ. ಕೊಪ್ಪಿ ಮನ್ಯಾಗ ಇಟ್ಟು ಮಳ್ಯಾಗ ಹೊಲಕ್ಕ ಹೋದಂಗಾಯ್ತಲ್ರಿ ಇದು.

ಕಾಂಗರೂ ಕೇರ್ ಅಂದ್ರ ತೂಕದ ಇಲಾಜ್ ಅಂತ ಮಂದಿ ತಲ್ಯಾಗ ಕುಂತದ, ದವಾಖಾನಿ ತಲ್ಯಾಗೂ ಹಂಗೇ ಕುಂತದ. ಅದು ನೋವಿನ ಇಲಾಜೂ ಹೌದು, ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಸ್ಟಡಿ ಅದಾವ, ಖರ್ಚು ಸೊನ್ನಿ, ಹೊಸಾ ಮಷೀನ್ ಬ್ಯಾಡ, ಹೊಸಾ ಔಷಧ ಬ್ಯಾಡ. ಎದಿಗಿ ಹಚ್ಚೋ ಟೈಮು, ಸೂಜಿ ಮಾಡೋ ಟೈಮು ಎರಡೂ ಒಂದೇ ಆಗಬೇಕು, ನಾ ಕೇಳೋದು ಇಷ್ಟೇ.

ಒಂದು ಕೂಸಿಗಿ ಎಷ್ಟು ಸೂಜಿ ಬೀಳ್ತಾವ ಅನ್ನೋ ಅಂದಾಜು ಮನಿ ಮಂದಿಗಿ ಇರಂಗಿಲ್ಲ. ಒಂಬತ್ತು ತಿಂಗಳು ತುಂಬಿ ಗಟ್ಟಿಮುಟ್ಟಾಗಿ ಹುಟ್ಟಿದ ಕೂಸಿಗೂ ವಿಟಮಿನ್ ಕೆ, ಹೆಪಟೈಟಿಸ್ ಬಿ, ಎಡ ತೋಳಿಗಿ ಬಿಸಿಜಿ ಅಂತ ಮನಿಗಿ ಹೋಗೋದ್ರೊಳಗ ಮೂರು ಸೂಜಿ ಆಗ್ತಾವ. ಕಾಮಣಿ ಕಂಡ್ರ ರಕ್ತ ತಗಿತಾರ. ಒಂದೂವರಿ ಕಿಲೋ ಕೂಸು ಹಸುಗೂಸುಗಳ ವಿಶೇಷ ಆರೈಕಿ ವಾರ್ಡ್ ಆದ ಎಸ್‌ಎನ್‌ಸಿಯುದಾಗ ಅಡ್ಮಿಟ್ ಆತಂದ್ರ ಲೆಕ್ಕಾನೇ ಬ್ಯಾರೆ, ಶುಗರ್ ನೋಡಲಿಕ್ಕ ಹಿಮ್ಮಡಿ ಚುಚ್ಚೋದು ದಿನಕ್ಕ ಎಷ್ಟೋ ಸಲ, ಸಲೈನ್ ನಳಿ ಬಾತ್ರ ಇನ್ನೊಂದು ಕೈ, ಆ ಕೈ ಆದ್ಮ್ಯಾಲ ಕಾಲು, ಕಾಲು ಆದ್ಮ್ಯಾಲ ತಲಿ, ಬಾಯಿಂದ ಹೊಟ್ಟಿತನ ನಳಿ, ಮೂಗಿನ ಹತ್ರ ಹಚ್ಚಿದ ಪಟ್ಟಿ ಕಿತ್ತೋದು. ಪ್ಯಾರಿಸ್ ಸುತ್ತಮುತ್ತಲಿನ ಐಸಿಯುಗಳಾಗ 430 ಕೂಸುಗಳ ಮ್ಯಾಲ ಒಂದು ದೊಡ್ಡ ಸ್ಟಡಿ ಆಗಿತ್ತು, 2008ರಾಗ ಜಾಮಾ ಪತ್ರಿಕ್ಯಾಗ ಬಂತು, ಅದರ ಪ್ರಕಾರ ಅಡ್ಮಿಟ್ ಆದ ಮೊದಲ ಎರಡು ವಾರದಾಗ ಒಂದೊಂದು ಕೂಸಿಗಿ ದಿನಕ್ಕ ಸರಾಸರಿ 10 ಸಲ ನೋವಾಗೋ ಕೆಲಸ ಮಾಡ್ಯಾರ, ಅದರಾಗ 79 ಪರ್ಸೆಂಟ್ ಸಲ ಆ ನೋವಿಗಂತ ಯಾವ ಇಲಾಜೂ ಮಾಡಿಲ್ಲ. ಶ್ರೀಮಂತ ದೇಶದ ಕಥಿ ಇದು. ನಮ್ಮ ಕಡಿ ಹಿಂಗ ಕುಂತು ಎಣಿಸೋರು ಯಾರು?

"ಸಣ್ಣ ಕೂಸಿಗಿ ಏನ್ ತಿಳಿತದ್ರಿ, ಒಂದ್ ನಿಮಿಷ ಅತ್ತು ಸುಮ್ನಾಗ್ತದ" ಅನ್ನೋ ಮಾತು ಬರೀ ನಮ್ಮ ಆಯಿ ಮುತ್ಯಾಂದಿರದ್ದು ಅಂತ ತಿಳಿಬ್ಯಾಡ್ರಿ. ಡಾಕ್ಟರ್ ಮಂದೀನೂ ಬಹಳ ವರ್ಷ ಹಂಗೇ ನಂಬಿದ್ರು. ಕೂಸಿನ ನರ ಇನ್ನಾ ಬಲಿತಿಲ್ಲ, ನರದ ಮ್ಯಾಲಿನ ಹೊದಿಕಿ ಪೂರಾ ಬಂದಿಲ್ಲ, ಹಿಂಗಾಗಿ ನೋವು ಮಿದುಳತನ ಮುಟ್ಟಂಗಿಲ್ಲ ಅಂತ ಅವರ ತರ್ಕ. ಅಮೆರಿಕಾದಾಗ 1985ರಾಗ ದಿನ ತುಂಬೋಕಿಂತ ಮೊದಲು ಹುಟ್ಟಿದ ಒಂದು ಕೂಸಿಗಿ ಹೃದಯದ ಹತ್ರ ಆಪರೇಷನ್ ಮಾಡೋವಾಗ ಅಲುಗಾಡದಂಗ ಮಾಡೋ ಔಷಧ ಅಷ್ಟೇ ಕೊಟ್ಟಿದ್ರು, ನೋವಿನ ಔಷಧ ಕೊಟ್ಟಿರಲಿಲ್ಲ, ಆ ತಾಯಿಗಿ ಇದು ಆಮ್ಯಾಲ ಗೊತ್ತಾಗಿ ಆಕಿ ಸುಮ್ಮ ಕೂಡಲಿಲ್ಲ, ಪೇಪರ್‌ನ್ಯಾಗ ಬಂತು, ದೇಶ ತುಂಬಾ ಗದ್ದಲಾಯ್ತು. 1987ರಾಗ ಆನಂದ್ ಮತ್ತ ಹಿಕಿ ಅನ್ನೋ ಇಬ್ಬರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನ್ಯಾಗ ಇದ್ದಬದ್ದ ಪುರಾವಿ ಎಲ್ಲಾ ಒಂದು ಕಡಿ ಹಾಕಿ ಬರದ್ರು, ನೋವು ಒಯ್ಯೋ ನರಗಳಿಗಿ ಹೊದಿಕಿ ಇರಲೇಬೇಕಂತಿಲ್ಲ, ದೊಡ್ಡವರಾಗೂ ಹೊದಿಕಿ ಇಲ್ಲದ, ಇಲ್ಲಾ ತೆಳ್ಳನ ಹೊದಿಕಿ ಇರೋ ನರಗಳೇ ನೋವು ಒಯ್ತಾವ, ಕೂಸಿಗೂ ನೋವಾಗ್ತದ ಅಂತ. ಅದೇ ವರ್ಷ ಅಮೆರಿಕಾದ ಮಕ್ಕಳ ಡಾಕ್ಟರ್‌ಗಳ ಸಂಘನೂ ಕೂಸಿಗಿ ಅನಸ್ತೇಸಿಯಾ ಕೊಡ್ರಿ ಅಂತ ಹೇಳ್ತು. 2015ರಾಗ ಆಕ್ಸ್‌ಫರ್ಡ್‌ನವರು ಒಂದು ವಾರದೊಳಗಿನ ಕೂಸುಗಳಿಗಿ ಎಂಆರ್‌ಐ ಮಷೀನ್‌ದಾಗ ಮಲಗಿಸಿ ಕಾಲಿಗಿ ಜರಾ ಚುಚ್ಚಿದಂಗ ಮಾಡಿ ನೋಡಿದ್ರು, ದೊಡ್ಡವರಾಗ ನೋವಿಗಿ ಎಚ್ಚರ ಆಗೋ ಮಿದುಳಿನ 20 ಜಾಗದಾಗ 18 ಕೂಸಿನ್ಯಾಗೂ ಎಚ್ಚರ ಆದ್ವು.

ಇನ್ನೊಂದು ಸಂಗತಿ ಅದ, ಇದು ಜರಾ ಎದಿ ಒಡಿಸೋದೇ. ನೋವು ಒಯ್ಯೋ ದಾರಿ ಮೊದಲು ತಯಾರಾಗ್ತದ, ನೋವು ತಡಿಯೋ ದಾರಿ ಆಮ್ಯಾಲ. ದೊಡ್ಡವರಾಗ ಮಿದುಳಿಂದ ಕೆಳಗಿಳಿದು ಬಂದು "ಸಾಕು" ಅಂತ ಒತ್ತಿ ಹಿಡಿಯೋ ವ್ಯವಸ್ಥಾ ಒಂದದ, ದಿನ ತುಂಬದ ಕೂಸಿನ್ಯಾಗ ಅದು ಇನ್ನಾ ಪೂರಾ ಬಂದಿರಂಗಿಲ್ಲ. ಅಂದ್ರ ಯಾವ ಕೂಸಿಗಿ ಹೆಚ್ಚು ಸೂಜಿ ಬೀಳ್ತಾವೋ ಅದೇ ಕೂಸಿಗಿ ತಡಕೊಳ್ಳೋ ತಾಕತ್ತು ಕಡಿಮಿ. ಅತ್ತು ಸುಮ್ನಾದ ಕೂಡ್ಲೇ ಮುಗಿತು ಅನ್ನೋದೂ ಬರೋಬರ್ ಅಲ್ಲ. 1997ರಾಗ ವೈದ್ಯಕೀಯ ಪತ್ರಿಕಿ ಲ್ಯಾನ್ಸೆಟ್‌ನ್ಯಾಗ ಬಂದ ಸ್ಟಡಿದಾಗ, ಹುಟ್ಟಿದ ಹೊಸತರಾಗ ಸುನ್ನತಿ ಆದ ಗಂಡುಕೂಸುಗಳು ನಾಲ್ಕು-ಆರು ತಿಂಗಳಿಗಿ ಲಸಿಕಿ ಹಾಕಿಸಿಕೊಳ್ಳೋವಾಗ ಸುನ್ನತಿ ಆಗಿರದ ಕೂಸುಗಳಕಿಂತ ಹೆಚ್ಚು ಅತ್ತಿದ್ವು, ನೋವಿನ ಔಷಧ ಹಚ್ಚಿ ಸುನ್ನತಿ ಮಾಡಿದವು ನಡುಮಧ್ಯ ಇದ್ವು. ಮೈಗಿ ನೆನಪಿರ್ತದ.

ಈಗ ಎದಿಗಿ ಹಚ್ಚೋ ಮಾತಿಗಿ ಬರೋಣು. 2000ರಾಗ ಅಮೆರಿಕಾದ ಬೋಸ್ಟನ್‌ದಾಗ 30 ಆರೋಗ್ಯವಂತ ಕೂಸುಗಳ ಮ್ಯಾಲ ಒಂದು ಸಣ್ಣ ಪ್ರಯೋಗ ಆಯ್ತು, ಅರ್ಧದಷ್ಟು ಕೂಸು ಅವ್ವನ ಎದಿ ಮ್ಯಾಲ ಬರೀ ಮೈಲೇ, ಇನ್ನರ್ಧ ಬಟ್ಟಿ ಸುತ್ತಿ ತೊಟ್ಟಿಲದಾಗ, ಎರಡೂ ಕಡಿ ಹಿಮ್ಮಡಿ ಚುಚ್ಚಿ ರಕ್ತ ತಗೊಂಡ್ರು. ಎದಿ ಮ್ಯಾಲ ಇದ್ದವು ಅಳೋದು 82 ಪರ್ಸೆಂಟ್ ಕಡಿಮಿ, ಮುಖ ಕಿವುಚೋದು 65 ಪರ್ಸೆಂಟ್ ಕಡಿಮಿ. ಸಣ್ಣ ಸ್ಟಡಿ, ಅದನ್ನೇ ಹಿಡ್ಕೊಂಡು ಕೂಡಬಾರ್ದು ಅನ್ರಿ, ಖರೇ. ಅದಾದ ಮ್ಯಾಲ ಕೆನಡಾದ ಸೆಲೆಸ್ಟ್ ಜಾನ್ಸ್‌ಟನ್ ಮತ್ತ ಅವರ ಜೋಡಿದವರು ದಿನ ತುಂಬದ ಕೂಸುಗಳ ಮ್ಯಾಲ ಒಂದಾದ್ಮ್ಯಾಲೊಂದು ಸ್ಟಡಿ ಮಾಡ್ಕೋತ ಬಂದ್ರು. ನಮ್ಮ ದೇಶದಾಗೂ ಆಗ್ಯಾವ, ಗುಜರಾತಿನ ಕರಮಸದ್‌ನವರು 15 ನಿಮಿಷ ಎದಿಗಿ ಹಚ್ಚಿ ಆಮ್ಯಾಲ ಹಿಮ್ಮಡಿ ಚುಚ್ಚಿ ನೋಡಿ, ನೋವಿನ ಅಂಕ ಕಡಿಮಿ ಬಂತಂತ 2013ರಾಗ ಬರದಾರ. ಸ್ಟಡಿಗಳನ್ನೆಲ್ಲಾ ಕೂಡಿಸಿ ತೂಗಿ ನೋಡೋ ಕಾಕ್ರೇನ್ ಸಂಸ್ಥಾದ 2017ರ ರಿವ್ಯೂದಾಗ ಇಂಥಾ 25 ಸ್ಟಡಿ, 2001 ಕೂಸುಗಳ ಲೆಕ್ಕ ಒಟ್ಟಿಗಿ ಹಾಕ್ಯಾರ, ಒಂದೇ ಸಲದ ಸೂಜಿಗಿ ಈ ಉಪಾಯ ಕೆಲಸ ಮಾಡ್ತದ, ಅಪಾಯ ಏನೂ ಕಂಡಿಲ್ಲ ಅಂತ ಅದರ ತೀರ್ಮಾನ.

ಎಷ್ಟು ಕೆಲಸ ಮಾಡ್ತದ ಅಂತ ಕೇಳಬೇಕಲ್ಲ. ಮಾತು ಬಾರದ ಕೂಸಿನ ನೋವು ಅಳಿಲಿಕ್ಕ ಪಿಐಪಿಪಿ ಅನ್ನೋ ಒಂದು ಪಟ್ಟಿ ಅದ, ಹುಬ್ಬು ಗಂಟಿಕ್ಕೋದು, ಕಣ್ಣು ಒತ್ತಿ ಮುಚ್ಚೋದು, ಮೂಗಿನ ಪಕ್ಕದ ಗೆರಿ ಆಳ ಆಗೋದು, ಎದಿ ಬಡಿತ, ಆಕ್ಸಿಜನ್, ಕೂಸು ಎಷ್ಟು ವಾರಕ್ಕ ಹುಟ್ಯಾದ, ನಿದ್ದ್ಯಾಗಿತ್ತೋ ಎಚ್ಚರಿತ್ತೋ, ಇವಿಷ್ಟರ ಮ್ಯಾಲ ಅಂಕ ಹಾಕ್ತಾರ, ಹೆಚ್ಚಂದ್ರ 21. ಎದಿಗಿ ಹಚ್ಚಿದ ಕೂಸಿನ್ಯಾಗ ಚುಚ್ಚಿ 30 ಸೆಕೆಂಡ್ ಆಗೋ ಹೊತ್ತಿಗಿ ಈ ಅಂಕ ಸುಮಾರು 3 ಕಡಿಮಿ ಇರ್ತದ, ಒಂದು ನಿಮಿಷ ಒಂದೂವರಿ ನಿಮಿಷಕ್ಕ ಫರಕ್ ಕಡಿಮಿ ಆಗ್ಕೋತ ಬರ್ತದ, ಎರಡು ನಿಮಿಷಕ್ಕ ಫರಕ್ ಉಳಿಯಂಗಿಲ್ಲ. ಇದನ್ನ ಕೇಳಿ ಕೆಲವರು ಅಯ್ಯೋ ಇಷ್ಟೇನಾ ಅಂತಾರ. ನನಗ ಹಂಗ ಅನಸಂಗಿಲ್ಲ, ಯಾಕಂದ್ರ ಸೂಜಿ ನೋವಿನ ಜೋರೇ ಆ ಮೊದಲ ಅರ್ಧ ನಿಮಿಷದ್ದು, ಅಲ್ಲೇ ಕಡಿಮಿ ಆಗ್ಲಿಕ್ಕತ್ತದ ಅಂದ್ರ ಎಲ್ಲಿ ಬೇಕಿತ್ತೋ ಅಲ್ಲೇ ಕಡಿಮಿ ಆತು. ಆದ್ರ ನೋವೇ ಇರಂಗಿಲ್ಲ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ, ಕೂಸು ಅಳ್ತದ, ಕಡಿಮಿ ಅಳ್ತದ. ಇನ್ನ ಈ ಸ್ಟಡಿಗಳಾಗ ಒಂದು ಕೊರತಿ ಅದ, ಕೂಸು ಎದಿ ಮ್ಯಾಲ ಅದನೋ ತೊಟ್ಟಿಲದಾಗ ಅದನೋ ಅಂತ ನೋಡೋರಿಗಿ ಕಂಡೇ ಕಾಣ್ತದ, ಮುಚ್ಚಿಡಲಿಕ್ಕ ಆಗಂಗಿಲ್ಲ, ಹಿಂಗಾಗಿ ಅಂಕ ಹಾಕೋರ ಮನಸು ಜರಾ ಒಂದು ಕಡಿ ವಾಲಿರಬಹುದು. ಅದಕ್ಕಂತ ಕೆಲವರು ಮುಖದ ವಿಡಿಯೋ ಅಷ್ಟೇ ಹತ್ರದಿಂದ ತಗದು ಬ್ಯಾರೆಯವರ ಕೈಲೆ ಅಂಕ ಹಾಕ್ಸಿದ್ರು. ಲಂಡನ್ನಿನ ಒಂದು ತಂಡ ಮುಖ ಬಿಟ್ಟು ಕೂಸಿನ ತಲಿ ಮ್ಯಾಲ ಮಿದುಳಿನ ಕರೆಂಟ್ ಅಳಿಯೋ ಇಇಜಿ ತಂತಿ ಹಚ್ಚಿ ನೋಡ್ತು, ಅಲ್ಲೂ ಬರೀ ಮೈಲೇ ಎದಿಗಿ ಹಚ್ಚಿದ ಕೂಸಿನ ಮಿದುಳು ನೋವಿಗಿ ಕಡಿಮಿ ಎದ್ದೇಳ್ತು, ಬಟ್ಟಿ ಮ್ಯಾಲಿಂದ ಎತ್ಕೊಂಡಾಗ ಅಷ್ಟು ಫರಕ್ ಬರಲಿಲ್ಲ. ಅಂದ್ರ ಸೀರಿ ಸೆರಗಿನ ಮ್ಯಾಲ ಮಲಗ್ಸಿಕೊಂಡ್ರ ನಡಿತದ ಅನ್ನೋದು ಪೂರಾ ಖರೇ ಅಲ್ಲ, ಮೈಗಿ ಮೈ ತಾಕಬೇಕು.

ಯಾಕ ಹಿಂಗಾಗ್ತದ ಅನ್ನೋದಕ್ಕ ಒಂದೇ ಉತ್ತರ ಇಲ್ಲ. ಚರ್ಮದಾಗ ಮೆತ್ತಗ ಸಾವಕಾಶ ಸವರಿದ್ರ ಅಷ್ಟೇ ಎಚ್ಚರ ಆಗೋ ನರಗಳು ಅದಾವ, ಸಿ-ಟ್ಯಾಕ್ಟೈಲ್ ಅಂತಾರ, 2018ರ ಒಂದು ಸ್ಟಡಿದಾಗ ಸೂಜಿಕಿಂತ ಮೊದಲು ಸೆಕೆಂಡಿಗಿ 3 ಸೆಂಟಿಮೀಟರ್ ಹಂಗ ಸವರಿದಾಗ ಕೂಸಿನ ಮಿದುಳಿನ್ಯಾಗ ನೋವಿನ ಗುರುತು ಕಡಿಮಿ ಆಯ್ತು, ಹತ್ತು ಪಟ್ಟು ಜಲ್ದಿ ಸವರಿದ್ರ ಆಗಲಿಲ್ಲ. ನಮ್ಮ ಅವ್ವಂದಿರು ಕೂಸಿನ ಬೆನ್ನ ಸವರೋ ಸ್ಪೀಡೂ ಬರೋಬರಿ ಅಷ್ಟೇ ಇರ್ತದ, ಬೇಕಾದ್ರ ನೋಡ್ರಿ. ಇದರ ಜೋಡಿ ಅವ್ವನ ಮೈ ವಾಸನಿ, ಹೊಟ್ಟ್ಯಾಗ ಇದ್ದಾಗಿಂದ ಕೇಳಿದ ಎದಿ ಬಡಿತ, ದನಿ, ಬಿಸಿ ಎಲ್ಲಾ ಕೂಡತಾವ.

ಸಕ್ರಿ ನೀರಿನ ಮಾತೂ ಬರ್ತದ ಇಲ್ಲಿ. ಸೂಜಿಕಿಂತ ಎರಡು ನಿಮಿಷ ಮೊದಲು ಕೂಸಿನ ನಾಲಗಿ ಮ್ಯಾಲ ಗಟ್ಟಿ ಸಕ್ರಿ ದ್ರಾವಣದ ಕೆಲವು ಹನಿ ಹಾಕಿದ್ರ ನೋವು ಕಡಿಮಿ ಆಗ್ತದ ಅನ್ನೋದಕ್ಕ ಪುರಾವಿ ಭಾಳ ಗಟ್ಟಿ ಅದ, ದವಾಖಾನಿಗಳಾಗ ಬಳಸ್ತಾರ. 2019ರಾಗ ಕೆನಡಾದವರು ಎದಿಗಿ ಹಚ್ಚೋದು, ಸಕ್ರಿ, ಎರಡೂ ಕೂಡಿ, ಹಿಂಗ ಮೂರು ಗುಂಪು ಮಾಡಿ ಕೂಸು ಡಿಸ್ಚಾರ್ಜ್ ಆಗೋತನ ನೋಡಿದ್ರು, ಮೂರರಾಗೂ ಸರಿಸುಮಾರು ಒಂದೇ ಫಲ. ಹಂಗಂದ್ರ ಅವ್ವ ಬಾಜೂಕೇ ಇದ್ದಾಗ ಸಕ್ರಿ ಬಾಟ್ಲಿ ಹುಡುಕೋದು ಯಾಕ? ಆದ್ರ ಇದನ್ನ ಓದಿ ಮನ್ಯಾಗ ಯಾರೂ ಬೆಲ್ಲದ ನೀರು, ಸಕ್ರಿ ನೀರು ಕುಡಸಲಿಕ್ಕ ಹೋಗಬ್ಯಾಡ್ರಿ, ಹುಟ್ಟಿದ ಕೂಸಿಗಿ ಜೇನುತುಪ್ಪ ನೆಕ್ಕಸೋ ರೂಢಿ ನಮ್ಮ ಕಡಿ ಇನ್ನಾ ಹೋಗಿಲ್ಲ, ವರ್ಷ ತುಂಬೋತನ ಜೇನು ಕೂಸಿಗಿ ವಿಷ ಆಗಬಹುದು, ಬೊಟುಲಿಸಂ ಅನ್ನೋ ರೋಗ ಬರ್ತದ, ಆರು ತಿಂಗಳತನ ಎದಿಹಾಲು ಬಿಟ್ಟು ಏನೂ ಬ್ಯಾಡ.

ಹಂಗಿದ್ರ ಅಡ್ಡಿ ಎಲ್ಲದ? ಸರ್ಕಾರದ ಕಾಗದದಾಗ ಅಂತೂ ಇಲ್ಲ. ಕೇಂದ್ರ ಆರೋಗ್ಯ ಇಲಾಖಿ 2014ರಾಗೇ ಕಾಂಗರೂ ಕೇರ್ ಮಾರ್ಗಸೂಚಿ ತಂದದ, 2017ರಾಗ ಫ್ಯಾಮಿಲಿ ಪಾರ್ಟಿಸಿಪೇಟರಿ ಕೇರ್ ಅಂತ ಇನ್ನೊಂದು ತಂತು, ಅವ್ವ ಅಪ್ಪಗ ಎಸ್‌ಎನ್‌ಸಿಯು ಒಳಗ ಬಿಡ್ರಿ, ಕೈ ತೊಳಿಯೋದು ಗೌನ್ ಹಾಕೋದು ಕಲಸ್ರಿ, ಕೂಸಿನ ಆರೈಕ್ಯಾಗ ಅವರನ್ನೂ ಸೇರಿಸ್ಕೊಳ್ರಿ ಅಂತ. ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲ್ಯಾಗ ಸೇಂಟ್ ಜಾನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ಸರ್ಕಾರದ ಜೋಡಿ ಕೂಡಿ ಕಾಂಗರೂ ಕೇರ್ ಇಡೀ ಜಿಲ್ಲಾಕ್ಕ ಹ್ಯಾಂಗ ಹಬ್ಬಿಸಬಹುದು ಅಂತ ಕೆಲಸ ಮಾಡಿ ತೋರಿಸ್ಯಾರ. ವಿಶ್ವ ಆರೋಗ್ಯ ಸಂಸ್ಥಾದ ದೊಡ್ಡ ಪ್ರಯೋಗ 2021ರಾಗ ಬಂತು, ದಿಲ್ಲಿ ಸಫ್ದರ್‌ಜಂಗ್ ದವಾಖಾನಿನೂ ಅದರಾಗಿತ್ತು, ಐದು ದೇಶದ 3211 ಕೂಸುಗಳು, ಹುಟ್ಟಿದ ಕೂಡ್ಲೇ ಎದಿಗಿ ಹಚ್ಚಿದವರಾಗ 28 ದಿನದೊಳಗ ಸತ್ತದ್ದು 12 ಪರ್ಸೆಂಟ್, ಕೂಸು ಸುಧಾರಿಸಲಿ ಆಮ್ಯಾಲ ಹಚ್ಚೋಣು ಅಂತ ಕಾಯ್ದವರಾಗ 15.7 ಪರ್ಸೆಂಟ್. ಅದಾದ ಮ್ಯಾಲ 2022ರಾಗ ಸಂಸ್ಥಾ ದಿನಕ್ಕ 8ರಿಂದ 24 ತಾಸು ಎದಿಗಿ ಹಚ್ರಿ, ಹುಟ್ಟಿದ ಕೂಡ್ಲೇ ಶುರು ಮಾಡ್ರಿ ಅಂತ ಹೇಳ್ತು. ಅವ್ವ ದಿನಕ್ಕ ಅಷ್ಟು ತಾಸು ಕೂಸಿನ ಜೋಡಿ ಇರಬೇಕಂದ್ರ ಸೂಜಿ ಮಾಡೋವಾಗ ಮಾತ್ರ ಯಾಕ ಇರಬಾರ್ದು, ನನಗಂತೂ ತಿಳಿಯಂಗಿಲ್ಲ.

ಸಿಸ್ಟರ್‌ಗಳ ಕಡಿಂದ ನೋಡಿದ್ರ ಅವರ ಮಾತಿನ್ಯಾಗೂ ಖರೇ ಅದ. ಒಂದೂವರಿ ಕಿಲೋ ಕೂಸಿನ ರಕ್ತದ ನರ ದಾರದಂಗ ಇರ್ತದ, ಮೊದಲನೇ ಸಲಕ್ಕ ಸಿಗಂಗಿಲ್ಲ, ಎರಡನೇದು ಮೂರನೇದು ಆಗ್ತದ, ಅದನ್ನ ಅವ್ವ ನೋಡಿ ಗಾಬರಿ ಬೀಳ್ತಾಳ, ಹೊರಗ ಹೋಗಿ ಹೇಳ್ತಾಳ, ಗಂಡನ ಮನಿ ತವರಮನಿ ಎರಡೂ ಕಡಿ ಮಂದಿ ಕೂಡಿ "ನಮ್ಮ ಕೂಸಿಗಿ ಚುಚ್ಚಿ ಚುಚ್ಚಿ ಇಟ್ಟಾರ" ಅಂತ ಗಲಾಟಿಗಿ ನಿಂದರ್ತಾರ. ಒಬ್ಬ ಸಿಸ್ಟರ್ ನೋಡಬೇಕಾದ ಕೂಸು ಎಷ್ಟು, ಆಕಿ ನೋಡೋದು ಎಷ್ಟು ಅನ್ನೋದು ಬ್ಯಾರೆ ಕಥಿ. ಟೇಬಲ್ ಮ್ಯಾಲ ಲೈಟ್ ಛಲೋ ಇರ್ತದ, ನಿಂತು ಮಾಡಲಿಕ್ಕ ಬರ್ತದ, ಕುರ್ಚ್ಯಾಗ ಕುಂತ ಅವ್ವನ ಎದಿ ಮ್ಯಾಲಿನ ಕೂಸಿಗಿ ಬಗ್ಗಿ ಮಾಡಬೇಕಂದ್ರ ನಡ ಹಿಡಿತದ. ಇವೆಲ್ಲಾ ಖರೇ ತಕಲೀಫುಗಳು. ಆದ್ರ ನೋಡ್ರಿ, ಇವುಗಳಾಗ ಅರ್ಧ ಒಂದು ಗಿಡ್ಡ ಸ್ಟೂಲ್, ಒಂದು ಹಿಂದಕ್ಕ ವಾಲೋ ಕುರ್ಚಿ, ಒಂದು ಕತ್ತು ಬಗ್ಗಸೋ ಲೈಟ್ ತಂದಿಟ್ರ ಮುಗಿತಾವ. ಗಲಾಟಿ ಭಯಕ್ಕ ಅವ್ವನ್ನ ಹೊರಗ ಹಾಕೋದೇ ಇಲಾಜ್ ಅನ್ನೋದು ನನಗ ಉಲ್ಟಾ ಕಾಣ್ತದ, ಮುಚ್ಚಿದ ಬಾಗಿಲ ಹಿಂದ ಏನಾಯ್ತೋ ಅಂತ ಹುಟ್ಟೋ ಅನುಮಾನ, ಕಣ್ಣಾರೆ ನೋಡಿ ಬರೋ ಗಾಬರಿಕಿಂತ ದೊಡ್ಡದು. ಮೊದಲೇ ಕೂಡಿಸಿ ಹೇಳಬೇಕು, "ಅವ್ವಾ, ನರ ಸಣ್ಣದದ, ಒಂದೇ ಸಲಕ್ಕ ಸಿಗದೇ ಇರಬಹುದು, ನೀ ಕೂಸಿನ ಹಿಡ್ಕೊಂಡು ಮಾತಾಡ್ಕೋತ ಇರು" ಅಂತ, ಅಷ್ಟು ಹೇಳಿದ್ರ ಅರ್ಧ ಜಗಳ ಅಲ್ಲೇ ಕಡಿಮಿ ಆಗ್ತದ.

ಮನಿ ಕಡಿಂದ ಬರೋ ಅಡ್ಡಿ ಬ್ಯಾರೇನೇ. ಬಾಣಂತಿಗಿ ಥಂಡಿ ಹತ್ತತದ, ಎದಿ ತಗದು ಕೂಡಬಾರ್ದು ಅಂತ ಆಯಿ ಅಂತಾಳ. ತಲಿಗಿ ಕಿವಿಗಿ ಬಟ್ಟಿ ಕಟ್ಟಿ, ಹೊರಸಿನ ಬುಡಕ ಕೆಂಡ ಇಟ್ಟು ಬಾಣಂತನ ಮಾಡಿದಾಕಿ ಆಕಿ, ಆಕಿ ಚಿಂತಿನೂ ಬಿಸಿ ಉಳಿಬೇಕು ಅನ್ನೋದೇ. ಕೂಸಿನ ಬೆನ್ನ ಮ್ಯಾಲ ದುಪ್ಪಟಿ, ಬಾಣಂತಿ ಹೆಗಲಿಗಿ ಶಾಲ್ ಹೊಚ್ಚಿ ತೋರಿಸಿದ್ರ ಆಕಿ ಒಪ್ತಾಳ. ಬ್ಯಾಸಗಿದು ಅದಕ್ಕಿಂತ ಕಷ್ಟ, ಏಪ್ರಿಲ್ ಮೇದಾಗ ಕಲಬುರಗಿ 42-43 ಡಿಗ್ರಿ ಮುಟ್ಟಿದಾಗ, ಮ್ಯಾಲ ಕರೆಂಟ್ ಹೋದಾಗ, ಎರಡು ಮೈ ಅಂಟಿಸಿಕೊಂಡು ತಾಸುಗಟ್ಲೆ ಕೂಡೋದು ಹೇಳಿದಷ್ಟು ಸುಲಭ ಅಲ್ಲ, ಬೆವರಿಗಿ ಕೂಸೂ ಜಾರ್ತದ, ಅವ್ವನೂ ಬ್ಯಾಸರ ಆಗ್ತಾಳ. ಆದ್ರ ಸೂಜಿ ನೋವಿಗಿ ತಾಸುಗಟ್ಲೆ ಬೇಕಾಗಿಲ್ಲ. ಸ್ಟಡಿಗಳಾಗ ಹತ್ತು-ಹದಿನೈದು ನಿಮಿಷದಿಂದ ಅರ್ಧ ತಾಸು ಮೊದಲು ಹಚ್ಚಿ, ಸೂಜಿ ಆಗಿ ಕೂಸು ಸುಮ್ನಾಗೋತನ ಹಂಗೇ ಇಟ್ಟಾರ. ಅಷ್ಟು ಹೊತ್ತು ಎಂಥಾ ಬಿಸಿಲಿನ್ಯಾಗೂ ಆಗ್ತದ, ದಪ್ಪನ ಚಾದರ ಬದಲಿ ತೆಳ್ಳನ ಸೀರಿ ತುಂಡು ಸಾಕು.

ಎಲ್ಲಾದಕ್ಕಿಂತ ದೊಡ್ಡ ಅಡ್ಡಿ ದೂರದ್ದು. ಸುರಪುರದಾಗೋ ಚಿಂಚೋಳ್ಯಾಗೋ ಔರಾದದಾಗೋ ಸಿಸೇರಿಯನ್ ಆತು ಅಂತಿಟ್ಕೊಳ್ರಿ, ಕೂಸು ತೂಕ ಕಡಿಮಿ, ಉಸಿರಾಟ ಸರಿ ಇಲ್ಲ, 108 ಗಾಡ್ಯಾಗ ಕೂಸಿನ ಜಿಲ್ಲಾಕ್ಕ ಕಳಸ್ತಾರ, ಅವ್ವ ಹೊಟ್ಟಿ ಮ್ಯಾಲ ಟಾಕಿ ಹಾಕಿಸ್ಕೊಂಡು ಅಲ್ಲೇ ತಾಲ್ಲೂಕ ದವಾಖಾನ್ಯಾಗ ಉಳಿತಾಳ. ಕೂಸಿಗಿ ಹೆಚ್ಚು ಸೂಜಿ ಬೀಳೋದು ಆ ಮೊದಲ ಮೂರ್ನಾಕು ದಿನದಾಗೇ, ಅವ್ವ ಇರೋದು ಎಷ್ಟೋ ಕಿಲೋಮೀಟರ್ ದೂರ. ಬಡವರ ಮನ್ಯಾಗ ಆಕಿಗಿ ಜಿಲ್ಲಾಕ್ಕ ತಂದ್ರ ಎಲ್ಲಿ ಮಲಗ್ಸಬೇಕು ಅನ್ನೋದೂ ಪ್ರಶ್ನಿ. ಅವ್ವ ಕೂಸು ಇಬ್ಬರಿಗೂ ಒಂದೇ ವಾರ್ಡ್, ಬಾಜೂಕ ಬಾಜೂಕ ಹಾಸಿಗಿ ಅನ್ನೋ ಪದ್ಧತಿ ಸಫ್ದರ್‌ಜಂಗ್‌ದಾಗ ಮಾಡಿ ತೋರಿಸ್ಯಾರ, ಆ 2021ರ ಪ್ರಯೋಗ ನಡದದ್ದೇ ಅಂಥಾ ವಾರ್ಡ್‌ನ್ಯಾಗ. ನಮ್ಮ ಕಡಿ ಹೊಸಾ ತಾಯಿ-ಮಕ್ಕಳ ಬಿಲ್ಡಿಂಗ್ ಕಟ್ಟೋವಾಗ, 371ಜೆ ಅಂತ ಈ ಭಾಗಕ್ಕ ವಿಶೇಷ ರೊಕ್ಕ ಬರೋವಾಗ, ಈ ಹಾಸಿಗಿ ಮಾತು ಯಾವ ಎಂಎಲ್‌ಎ ಬಾಯಾಗೂ ನಾ ಕೇಳಿಲ್ಲ, ಬಿಲ್ಡಿಂಗ್ ಎಷ್ಟು ಅಂತಸ್ತು ಅನ್ನೋದಷ್ಟೇ ಕೇಳೀನಿ.

ಅಲ್ಲೀತನ ಏನ್ ಮಾಡಬೇಕಂದ್ರ, ಅಪ್ಪ ಇರ್ತಾನಲ್ಲ. ಕೂಸಿನ ಜೋಡಿ ಗಾಡ್ಯಾಗ ಬಂದಾವ ಅವನೇ. ಅಪ್ಪನ ಎದಿ ಅವ್ವನ ಎದಿ ಎರಡಕ್ಕೂ ಹೋಲಿಸಿ ನೋಡಿದ ಸ್ಟಡಿ ಅದ, ಅವ್ವಂದು ಕೂದಲೆಳಿಯಷ್ಟು ಹೆಚ್ಚು, ಅಪ್ಪಂದೂ ಹತ್ರಹತ್ರ ಅಷ್ಟೇ. ಅಂಗಿ ಬಿಚ್ಚಿ ಕೂಸಿನ ಎದಿಗಿ ಹಚ್ಚಿಕೊಂಡು ಕೂಡಲಿಕ್ಕ ನಮ್ಮ ಗಂಡಸರಿಗಿ ನಾಚಿಕಿ, ಅದಕ್ಕಿಂತ ಹೆಚ್ಚಾಗಿ "ಗಂಡಸರು ಒಳಗ ಬರಬ್ಯಾಡ್ರಿ" ಅನ್ನೋ ಬೋರ್ಡ್. ಬಾಣಂತ್ಯಾರು ಹಾಲು ಕುಡಸ್ತಿರ್ತಾರ, ಆ ಬೋರ್ಡಿಗಿ ಕಾರಣ ಅದ, ಪರದಿ ಇಲ್ಲದ ವಾರ್ಡ್‌ನ್ಯಾಗ ಬ್ಯಾರೆ ಗಂಡಸರಿಗಿ ಬಿಡ್ರಿ ಅಂತ ನಾನೂ ಹೇಳಂಗಿಲ್ಲ. ಒಂದು ಮೂಲಿಗಿ ಪರದಿ ಕಟ್ಟಿ ಎರಡು ಕುರ್ಚಿ ಹಾಕಿದ್ರ ಅಪ್ಪಗೂ ಜಾಗ ಆಗ್ತದ, ಹೆತ್ತವ್ವನ ಅವ್ವಗೂ ಆಗ್ತದ.

ಮಾಡೋ ರೀತಿ ಕಷ್ಟದ್ದಲ್ಲ. ಅವ್ವ ಜರಾ ಹಿಂದಕ್ಕ ಒರಗಿ ಕೂಡಬೇಕು, ಮುಂದ ಗುಂಡಿ ಇರೋ ಅಂಗಿ ಇದ್ರ ಛಲೋ. ಕೂಸು ಎರಡು ಎದಿ ನಡುವ ನೆಟ್ಟಗ, ಮುಖ ಒಂದು ಬಾಜೂಕ, ಮೂಗು ಬಾಯಿ ಕಾಣ್ತಿರಬೇಕು, ಕಪ್ಪಿ ಕಾಲಿನಂಗ ಕಾಲು ಮಡಚಿರಬೇಕು. ಹದಿನೈದು ನಿಮಿಷ ಸುಮ್ಮ ಹಂಗೇ. ಸಿಸ್ಟರ್ ಬಾಜೂಕ ಗಿಡ್ಡ ಸ್ಟೂಲ್ ಮ್ಯಾಲ ಕುಂತು ದುಪ್ಪಟಿ ಬುಡದಿಂದ ಒಂದೇ ಕಾಲು ಹೊರಗ ತಗದು ಹಿಮ್ಮಡಿ ಬಾಜೂಕ ಚುಚ್ಚಬೇಕು, ಆ ಹೊತ್ತಿಗಿ ಅವ್ವ ಒಂದು ಕೈಲೆ ಕೂಸಿನ ತಲಿ, ಇನ್ನೊಂದು ಕೈಲೆ ಕುಂಡಿ ಬುಡಕ ಹಿಡ್ಕೊಂಡಿರಬೇಕು. ಆಗಿ ಹೋದ ಕೂಡ್ಲೇ ಕಸ್ಕೊಂಡು ವಾರ್ಮರ್‌ಗಿ ಒಯ್ಯಬಾರ್ದು. ಇನ್ನ ದಿನ ತುಂಬಿದ ಕೂಸಿಗಿ ಹೆಚ್ಚು ರಕ್ತ ಬೇಕಾಗಿದ್ರ ಕೈ ನರದಿಂದ ತಗಿಯೋದು ಹಿಮ್ಮಡಿಕಿಂತ ಕಡಿಮಿ ನೋವು, ಕೈ ಪಳಗಿದವರು ಮಾಡಿದ್ರ ಅಷ್ಟೇ. ಬೆಳಿಗ್ಗಿ ಶುಗರಿಗೊಂದು, ಮಧ್ಯಾಹ್ನ ಕಾಮಣಿಗೊಂದು ಅಂತ ಎರಡು ಸಲ ಚುಚ್ಚೋದನ್ನ ಕೂಡಿಸಿ ಒಂದೇ ಸಲ ತಗಿಲಿಕ್ಕ ಬಂದ್ರ ಅದು ಎದಿಗಿ ಹಚ್ಚೋದಕ್ಕಿಂತ ದೊಡ್ಡ ಉಪಕಾರ, ಕಾಮಣಿ ಅಂದಾಜು ಚರ್ಮದ ಮ್ಯಾಲಿಂದಲೇ ಹೇಳೋ ಮಷೀನೂ ಈಗ ಬಂದಾವ.

ಎಲ್ಲಿ ಇದು ನಡಿಯಂಗಿಲ್ಲ ಅನ್ನೋದೂ ಹೇಳಬೇಕು. ಆಪರೇಷನ್‌ಗಿ, ಬೆನ್ನಾಗಿಂದ ನೀರು ತಗಿಯೋದಕ್ಕ, ಉಸಿರಿನ ನಳಿ ಹಾಕೋದಕ್ಕ ಬರೀ ಎದಿ ಸಾಲಂಗಿಲ್ಲ, ಔಷಧ ಬೇಕೇ ಬೇಕು. ದಿನ ತುಂಬದ ಕೂಸುಗಳ ಕಣ್ಣಿನ ಪರೀಕ್ಷಾ ಅದ ನೋಡ್ರಿ, ಕಣ್ಣಿನ ಒಳಪರದಿ ಕೆಡಸೋ ರೋಗ ಆರ್‌ಒಪಿದು, ಕರ್ನಾಟಕದಾಗ 2008ರಿಂದ ಕಿಡ್ರಾಪ್ ಅಂತ ಕ್ಯಾಮೆರಾ ಹೊತ್ಕೊಂಡು ಜಿಲ್ಲಾ ಜಿಲ್ಲಾಕ್ಕ ತಿರುಗ್ತಾರ, ಕೂಸು ಕುರುಡಾಗೋದನ್ನ ತಪ್ಪಸೋ ಪುಣ್ಯದ ಕೆಲಸ, ಆದ್ರ ರೆಪ್ಪಿ ತೆರದು ಹಿಡಿಯೋದು ಭಾಳ ನೋವು, ಅಂಗಾತ ಮಲಗಿಸದೇ ಆಗಂಗಿಲ್ಲ, ಅಲ್ಲಿ ಕಣ್ಣಿಗಿ ಮರಗಟ್ಟೋ ಹನಿ, ಸಕ್ರಿ ದ್ರಾವಣ, ಮೆತ್ತಗ ಬಟ್ಟಿ ಸುತ್ತೋದು, ಇವೇ ಗತಿ. ಉಸಿರಾಟ ಎದಿ ಬಡಿತ ಇನ್ನಾ ಸ್ಥಿರ ಆಗಿರದ ಕೂಸಿಗಿ ಎದಿಗಿ ಹಚ್ಚಬೇಕೋ ಬ್ಯಾಡೋ ಅನ್ನೋದು ಡಾಕ್ಟರ್ ಹೇಳಬೇಕಾದ ಮಾತು.

ಲಸಿಕಿ ದಿನ ಅಂಗನವಾಡಿಯಾಗ ನಡಿಯೋದು ಇನ್ನೊಂದು ರೀತಿ. ಆರು ವಾರದ ಕೂಸಿಗಿ ಬಾಯಾಗ ಪೋಲಿಯೋ ಮತ್ತ ರೋಟಾ ಹನಿ, ಎಡ ತೊಡಿಗಿ ಐದು ರೋಗದ ಪೆಂಟಾ, ಬಲ ತೊಡಿಗಿ ನ್ಯುಮೋನಿಯಾದ ಪಿಸಿವಿ, ಬಲ ತೋಳಿಗಿ ಪೋಲಿಯೋ ಸೂಜಿ ಐಪಿವಿ. ಅಲ್ಲಿ ಬಟ್ಟಿ ಬಿಚ್ಚಿ ಕೂಡಲಿಕ್ಕ ಜಾಗ ಇರಂಗಿಲ್ಲ, ಬ್ಯಾಡ ಬಿಡ್ರಿ, ಹಾಲು ಕುಡಸ್ಕೋತ ಸೂಜಿ ಮಾಡಿಸ್ಕೊಂಡ್ರ ಆಯ್ತು. ವರ್ಷದೊಳಗಿನ ಕೂಸುಗಳ 10 ಸ್ಟಡಿ ಕೂಡಿಸಿ ನೋಡಿದಾಗ ಹಾಲು ಕುಡಿಯೋ ಕೂಸು ಸರಾಸರಿ 38 ಸೆಕೆಂಡ್ ಕಡಿಮಿ ಅತ್ತಾವ. ವಿಶ್ವ ಆರೋಗ್ಯ ಸಂಸ್ಥಾನೂ 2015ರಾಗ ಇದನ್ನೇ ಹೇಳ್ಯಾದ, ಕೂಸು ಅವ್ವನ ಕೈಯಾಗೇ ಇರಲಿ, ಆಗೋದಿದ್ರ ಹಾಲು ಕುಡಸ್ರಿ, ಜಾಸ್ತಿ ಉರಿಯೋ ಸೂಜಿ ಕಡೀಕಿರಲಿ ಅಂತ. "ಹಾಲು ನೆತ್ತಿಗೇರ್ತದ" ಅಂತ ಹೆದರೋರು ಇರ್ತಾರ, ಆ ಸ್ಟಡಿಗಳಾಗ ಅಂಥಾದ್ದು ಕಂಡಿಲ್ಲ. ರೋಟಾ ಹನಿ ಮಾತ್ರ ಮೊದಲೇ ಹಾಕಿಸಿಬಿಡ್ರಿ, ಸಿಹಿ ಇರ್ತದ, ಕೂಸು ಜರಾ ಸುಮ್ಮನೂ ಆಗ್ತದ.

ಕಡೀಕ ಒಂದು ಸಣ್ಣ ಸಂಗತಿ. ಕಾಂಗರೂ ಕೇರ್ ಎಷ್ಟು ತಾಸಾಯ್ತು ಅಂತ ಬರಿಲಿಕ್ಕ ವಾರ್ಡ್‌ನ್ಯಾಗ ಶೀಟ್ ಇರ್ತದ, ತೂಕಕ್ಕ ಕಾಲಂ, ಹಾಲಿಗಿ ಕಾಲಂ, ಉಚ್ಚಿಗಿ ಕಾಲಂ. ಸೂಜಿ ಎಷ್ಟಾದ್ವು, ಆಗ ಕೂಸು ಎಲ್ಲಿತ್ತು ಅನ್ನೋದಕ್ಕ ಕಾಲಂ ಇರೋದು ಕಡಿಮಿ. ಬರಿದಿದ್ದು ಮ್ಯಾಲಿನವರು ಕೇಳ್ತಾರ, ಕೇಳಿದ್ದು ನಡಿತದ, ನಮ್ಮ ಸರ್ಕಾರಿ ವ್ಯವಸ್ಥಾ ಇರೋದೇ ಹಂಗ. ಆ ಶೀಟಿನ್ಯಾಗ ಇನ್ನೊಂದು ಗೆರಿ ಎಳಿಯೋದು, ಮತ್ತ ನಸುಕಿನ್ಯಾಗ ಅವ್ವಂದಿರು ಮಾರಿ ತೊಳಿಲಿಕ್ಕ ಹೋದಾಗ ರಕ್ತ ತಗಿಯೋದು ಬಿಟ್ಟು ಆಕಿ ಚಾ ಕುಡದು ಬಂದು ಕೂಸಿನ ಎದಿಗಿ ಹಚ್ಚಿಕೊಂಡ ಮ್ಯಾಲ ತಗಿಯೋದು, ಈ ಎರಡಕ್ಕೂ ಬೆಂಗಳೂರಿನ ಆರ್ಡರ್ ಕಾಯಬೇಕಾಗಿಲ್ಲ, ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಮನಸು ಮಾಡಿದ್ರ ನಾಳಿಂದಲೇ ಆಗ್ತದ.